ಸೂಟಿ ದಿನದ ಪಗಾರ ಹ್ಯಾಗೆ ಹಿಡಿಯೂದು? ಮನೇಲಿ ಮಕ್ಕಳನ್ನ ನೋಡ್ಕೊಳ್ಳೋರು ಸ್ವಲ್ಪ ಹೇಳಿ

ಕಾಜುಬಾಗ ಅಕ್ಕ, ಕಾರವಾರ:

ಎಲ್ಲರಿಗೂ ನಮಸ್ಕಾರ. ನಾನು ಕಾಜುಬಾಗಲ್ಲಿ ನಮ್ಮನೇಲೇ ಮಕ್ಕಳನ್ನ ನೋಡ್ಕೊಳ್ತೇನೆ, ಮೂರು ವರ್ಷ ಆಯ್ತು. ಬೋರ್ಡ್ ಏನೂ ಹಾಕ್ಲಿಲ್ಲ, ಒಬ್ರು ಇನ್ನೊಬ್ರಿಗೆ ಹೇಳಿ ಬಂದವ್ರೇ ಎಲ್ಲ. ಈಗ ನಾಲ್ಕು ಮಕ್ಕಳಿದ್ದಾರೆ, ಎಲ್ಲಕ್ಕಿಂತ ಸಣ್ಣದಕ್ಕೆ 11 ತಿಂಗಳು, ದೊಡ್ಡದಕ್ಕೆ ಮೂರು ವರ್ಷ ತುಂಬ್ತು. ಬೆಳಿಗ್ಗೆ ಎಂಟೂವರೆಗೆ ಬಿಟ್ಟು ಹೋದ್ರೆ ಸಂಜೆ ಐದೂವರೆಗೆ ಕರ್ಕೊಂಡು ಹೋಗ್ತಾರೆ, ಭಾನುವಾರ ಇಲ್ಲ. ಬೆಳಿಗ್ಗೆ ರಾಗಿ ಮಣ್ಣಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಹಾಲು ನಂದೇ. ತಿಂಗಳಿಗೆ ಒಂದು ಮಗುಗೆ 3500 ತಗೊಳ್ತೇನೆ.

ಪಗಾರ ಎಷ್ಟು ಅಂತ ಮೊದ್ಲೇ ಮಾತಾಡಿದ್ದೆ, ಸೂಟಿದು ಮಾತ್ರ ಮಾತಾಡಿರ್ಲಿಲ್ಲ, ಅಲ್ಲೇ ಎಲ್ಲ ತಪ್ಪಿದ್ದು. ಒಂದು ಮಗುವಿನ ತಾಯಿ ಹೈಸ್ಕೂಲ್ ಅಕ್ಕೋರು, ಅಂದ್ರೆ ಟೀಚರ್. ಏಪ್ರಿಲ್ 10ರ ಹೊತ್ತಿಗೆ ಶಾಲೆ ಸೂಟಿ ಬಿತ್ತು, ಮಗು ಮನೇಲೇ ಇರ್ತದೆ ಇನ್ನು ಜೂನಿಂದ ಕಳಿಸ್ತೇವೆ ಅಂದ್ರು. ಆಯ್ತು ಅಂದೆ, ಆದ್ರೆ ಒಂದೂವರೆ ತಿಂಗಳು ಒಂದು ರೂಪಾಯಿ ಬರ್ಲಿಲ್ಲ. ನಡುವಲ್ಲಿ ಇನ್ನೊಬ್ರು ಬಂದು ಜಾಗ ಇದೆಯಾ ಕೇಳಿದ್ರು, ಅಕ್ಕೋರ ಮಗು ವಾಪಸ್ ಬರ್ತದಲ್ಲ ಅಂತ ಇಲ್ಲ ಅಂದೆ. ಅವ್ರು ಬೇರೆ ಕಡೆ ಹೋದ್ರು. 5000ಕ್ಕಿಂತ ಹೆಚ್ಚು ಹೋಯ್ತು ನಂದು.

ಆಮೇಲೆ ಮಳೆ ಸೂಟಿ. ಜುಲೈಲಿ ಹ್ಯಾಗೆ ಅಂತ ನಿಮಗೆಲ್ಲ ಗೊತ್ತೇ ಇದೆ, ರಾತ್ರಿ ಮಲಗೂ ಹೊತ್ತಿಗೆ ಡಿಸಿ ಆದೇಶ ವಾಟ್ಸಾಪಲ್ಲಿ ಬರ್ತದೆ, ನಾಳೆ ಅಂಗನವಾಡಿ ಶಾಲೆ ಎಲ್ಲ ರಜೆ ಅಂತ. ಬ್ಯಾಂಕು ಆಸ್ಪತ್ರೆ ರಜೆ ಇಲ್ಲ, ಹಾಗಾಗಿ ಅವ್ರ ಮಕ್ಕಳು ಬರ್ತಾರೆ, ಜೊತೆಗೆ ಶಾಲೆಗೆ ಹೋಗೂ ಅಣ್ಣನೋ ಅಕ್ಕನೋ ಕೂಡ ಬರ್ತಾರೆ, ಇವತ್ತೊಂದಿನ ನೋಡ್ಕೊಳ್ಳಿ ಅಂತ. ನಾಲ್ಕಿದ್ದದ್ದು ಆರಾಗ್ತದೆ, ಹೊರಗೆ ಬಿಡೂಕಾಗೂದಿಲ್ಲ, ಕರೆಂಟ್ ಇಲ್ಲ, ಒಣಗದ ಬಟ್ಟೆ ಮನೆ ತುಂಬ. ಅದೇ ದಿನ ಇನ್ನೊಂದು ಮನೆಯವ್ರು ಮಗು ಕಳಿಸ್ಲಿಲ್ಲ, ತಿಂಗಳ ಕೊನೆಗೆ ಮಳೆ ಸೂಟಿ ನಾಲ್ಕು ದಿನ ಕಡಿಮೆ ಮಾಡಿದ್ದೇವೆ ಅಂತ ಫೋನ್‌ಪೇ ಮಾಡಿದ್ರು. ನಾನು ಬಾಗಿಲು ತೆಗೆದೇ ಕೂತಿದ್ದೆ.

ಚೌತಿಗೆ ನಾನೇ ಐದು ದಿನ ಬಂದ್ ಮಾಡಿದ್ದೆ. ಅದಕ್ಕೂ ಒಬ್ರು ಕಟ್ ಮಾಡಿದ್ರು, ಮೂವರು ಪೂರ್ತಿ ಕೊಟ್ರು. ಈಗ ಕೊಟ್ಟವ್ರಿಗೆ ಗೊತ್ತಾದ್ರೆ ಅವ್ರೂ ಕೇಳ್ತಾರೆ ಅಂತ ಹೆದರಿಕೆ. ಯಜಮಾನ್ರು ಹೇಳ್ತಾರೆ ಮಕ್ಕಳ ವಿಷ್ಯದಲ್ಲಿ ದುಡ್ಡು ದುಡ್ಡು ಅಂತ ಕೂತ್ರೆ ಊರಲ್ಲಿ ಹೆಸರು ಹಾಳಾಗ್ತದೆ ಅಂತ. ಆದ್ರೆ ಮನೆ ಬಾಡಿಗೆ ಸೂಟಿ ಅಂತ ಕಡಿಮೆ ಆಗೂದಿಲ್ವಲ್ಲ. ಯಾವ ಸೂಟಿಗೆ ಕೇಳ್ಬೇಕು, ಯಾವುದಕ್ಕೆ ಬಿಡ್ಬೇಕು? ಮಾಡ್ತಾ ಇದ್ದವ್ರು ದಯವಿಟ್ಟು ಹೇಳಿ.

ಶಿರಸಿ ಆಯಿ:

ತಂಗಿ, ನಾನು ಶಿರಸಿಲಿ ಒಂಬತ್ತು ವರ್ಷದಿಂದ ಇದೇ ಕೆಲಸ ಮಾಡ್ತಾ ಇದ್ದೆ, ನಿಂದು ಓದಿ ನನ್ನ ಮೊದಲ ಎರಡು ವರ್ಷ ನೆನಪಾತು. ಒಂದು ಮಾತು ಮೊದ್ಲು ಮನಸ್ಸಲ್ಲಿ ಗಟ್ಟಿ ಮಾಡ್ಕೋ. ಅವ್ರು ಕೊಡೋದು ಆ ದಿನದ ಕೂಲಿ ಅಲ್ಲ. ನಿನ್ನ ಮನೇಲಿ ಅವ್ರ ಮಗುಗೆ ಅಂತ ಇಟ್ಟ ಜಾಗದ್ದು. ಶಾಲೆಲಿ ಮಗು ನಾಲ್ಕು ದಿನ ಹೋಗದಿದ್ರೆ ಫೀ ವಾಪಸ್ ಕೇಳ್ತ್ವಾ? ಇದೂ ಹಾಗೇ.

ಇನ್ನು ಲೆಕ್ಕ. ಇದನ್ನ ನಂಗೆ ನನ್ನ ತಮ್ಮ ಕೂರಿಸಿ ಮಾಡಿಸ್ದ, ನೀನೂ ಒಂದು ಹಾಳೆ ತಗೊಂಡು ಮಾಡು. ನಿಂದು 3500, ವರ್ಷಕ್ಕೆ ಒಂದು ಮಗುಗೆ 42,000. ಭಾನುವಾರ ಬಿಟ್ರೆ ವರ್ಷಕ್ಕೆ ಸುಮಾರು 312 ದಿನ. ಅದ್ರಲ್ಲಿ ಹಬ್ಬಕ್ಕೆ 10 ದಿನ, ನಿನ್ನ ಮೈ ಹುಷಾರಿಲ್ಲದ್ದು, ಮದುವೆ ಮುಂಜಿ ಅಂತ 12 ದಿನ ಇಟ್ಕೋ. ಉಳೀತು 290. 42,000ನ 290ರಿಂದ ಭಾಗಿಸಿದ್ರೆ ದಿನಕ್ಕೆ 145 ಹತ್ರ ಆಗ್ತು. ಅವ್ರು ಕಟ್ ಮಾಡೋವಾಗ 3500ನ 26ರಿಂದ ಭಾಗಿಸಿ 135 ಹಾಕಿ ಕಟ್ ಮಾಡ್ತ. ನೀನು ಬಂದ್ ಮಾಡಿದ 22 ದಿನಾನೂ ನಾಲ್ಕು ಮನೆಯವ್ರೂ ಹೀಗೇ ಕಟ್ ಮಾಡ್ತಾ ಹೋದ್ರೆ ವರ್ಷಕ್ಕೆ ಹತ್ತಿರ ಹತ್ತಿರ 12,000 ಹೋಗ್ತು, ನಿನ್ನ ಒಂದು ತಿಂಗಳ ದುಡಿಮೆಗೆ ಹತ್ರ ಅದು. ಅಂದ್ರೆ ಸೂಟಿಗೆ ಪಗಾರ ಬೇಡ ಅನ್ನೋ ಮನೆಯವ್ರಿಗೆ ತಿಂಗಳ ರೇಟೇ ಜಾಸ್ತಿ ಇರ್ಬೇಕು. ಇಲ್ಲಾ ಅಂದ್ರೆ ಈಗಿನ ರೇಟು, ಸೂಟಿಗೂ ಪೂರ್ತಿ. ಎರಡ್ರಲ್ಲಿ ಒಂದು ಆರಿಸ್ಕೊಳ್ಳಿ ಅಂತ ಅವ್ರಿಗೇ ಬಿಡು. ನಂಗೆ ಇಷ್ಟು ವರ್ಷದಲ್ಲಿ ಒಬ್ರೂ ಜಾಸ್ತಿ ರೇಟು ಕೊಡ್ತಿ ಅಂದಿದ್ದಿಲ್ಲೆ, ಎಲ್ಲರೂ ತಿಂಗಳ ಲೆಕ್ಕವೇ ಇರ್ಲಿ ಅಂದ್ರು.

ನಾನು ಹೇಗೆ ಮಾಡ್ತಿ ಅಂದ್ರೆ, ಮಗು ಸೇರೋ ದಿನವೇ ಒಂದು ಹಾಳೇಲಿ ಬರೆದು ಇಬ್ರೂ ಸೈ ಹಾಕ್ತ್ಯ. ವರ್ಷಕ್ಕೆ ಹತ್ತು ಹಬ್ಬದ ಸೂಟಿ, ಅದಕ್ಕೆ ಪಗಾರ ಪೂರ್ತಿ. ಹತ್ತು ಎಂತಕ್ಕೆ ಅಂದ್ರೆ ನಮ್ಮ ರಾಜ್ಯದಲ್ಲಿ ಅಂಗಡಿ ಕಾರ್ಖಾನೆ ಕೆಲಸದವ್ರಿಗೆ ಕೂಡ 1963ರ ಕಾಯ್ದೆ ಪ್ರಕಾರ ಸಂಬಳ ಸಮೇತ ಹತ್ತು ರಜೆ ಇದ್ದು, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಮತ್ತೆ ಐದು ಹಬ್ಬ. ಆ ಕಾಯ್ದೆ ನಮಗೆ ಅನ್ವಯ ಆಗ್ತಿಲ್ಲೆ, ನಮಗೆ ಮಾಲೀಕರೇ ಇಲ್ಲೆ, ಆದ್ರೆ ಮಾತಾಡೋವಾಗ ಒಂದು ಆಧಾರ ಬೇಕಲಿ. ಹತ್ತು ಅಂದ್ರೆ ಯಾರಿಗೂ ಜಾಸ್ತಿ ಅನ್ನಿಸ್ತಿಲ್ಲೆ.

ನಾನಾಗಿ ಹೆಚ್ಚು ದಿನ ಬಂದ್ ಮಾಡಿದ್ರೆ ಅದಕ್ಕೆ ನಾನು ದುಡ್ಡು ತಗೋತಿಲ್ಲೆ. 2024ರ ಮಾರ್ಚಲ್ಲಿ ಮಾರಿಕಾಂಬೆ ಜಾತ್ರೆ, ನಮ್ಮನೆ ಜಾತ್ರೆ ನಡೆಯೋ ಬಿಡ್ಕಿಬೈಲಿಂದ ನಡೆದು ಹೋಗೋ ದೂರ, ಒಂಬತ್ತು ದಿನವೂ ಮನೆ ತುಂಬ ನೆಂಟರು, ಆ ಗದ್ದಲದಲ್ಲಿ ಬೇರೆಯವ್ರ ಕೂಸಿನ ಜವಾಬ್ದಾರಿ ತಗೊಳ್ಳೋಕೆ ಧೈರ್ಯ ಸಾಲ. ಜಾತ್ರೆ ದಿನ ನಿಗದಿ ಆದ ಕೂಡ್ಲೆ ಎಲ್ಲರಿಗೂ ಹೇಳ್ಬಿಟ್ಟಿ, ಈ ಒಂಬತ್ತು ದಿನ ಇಲ್ಲೆ, ಪಗಾರ ಹಿಡಿದು ಕೊಡಿ ಅಂತ. ಎರಡು ವರ್ಷಕ್ಕೊಂದ್ಸಲ ಬರೋದು ಆದ ಕಾರಣ ಅದಕ್ಕೆ ಅಂತಲೇ ತಿಂಗಳಿಗೆ ನೂರು ರೂಪಾಯಿ ಬೇರೆ ಡಬ್ಬಿಲಿ ಹಾಕ್ತಿ.

ಅಕ್ಕೋರ ವಿಷ್ಯ ಮಾತ್ರ ನಿಂಗೆ ಅನ್ಯಾಯ ಆದ್ದೇ. ಅವ್ರಿಗೆ ಬೇಸಿಗೆ ಸೂಟಿಲಿ ಪಗಾರ ಬತ್ತಲಿ. ಆದ್ರೆ ಅವ್ರು ಬೇಕಂತ ಮಾಡಿದ್ದು ಅಂತ ನಂಗೆ ಅನ್ನಿಸ್ತಿಲ್ಲೆ, ಯಾರೂ ಹೇಳ್ದೇ ಇದ್ರೆ ಯಾರಿಗೂ ಹೊಳಿತಿಲ್ಲೆ. ಮುಂದಿನ ಏಪ್ರಿಲ್ ತನಕ ಕಾಯ್ಬೇಡ, ಅಕ್ಟೋಬರ್ ಸೂಟಿ ಬರೋ ಮೊದ್ಲೇ ಮಾತಾಡು.

ಒಬ್ಬ ತಾಯಿ, ಕಾರವಾರ:

ನಾನು ಕಳಿಸೂ ಕಡೆಯವ್ಳು, ನನ್ನ ಮಾತೂ ಸ್ವಲ್ಪ ಕೇಳಿ. ನಾನು ಆಸ್ಪತ್ರೇಲಿ ಕಾಂಟ್ರಾಕ್ಟ್ ಮೇಲೆ ಇದ್ದೇನೆ. ನನಗೆ ಒಂದಿನ ಹೋಗದಿದ್ರೆ ಆ ದಿನದ ಪಗಾರ ಇಲ್ಲ. ಚೌತಿಗೆ ಮೂರು ದಿನ ಹೋಗ್ಲಿಲ್ಲ, ಮೂರು ದಿನದ್ದು ಹೋಯ್ತು, ಅದೇ ಮೂರು ದಿನಕ್ಕೆ ಮಗು ನೋಡ್ಕೊಳ್ಳೋ ಅಕ್ಕನಿಗೆ ಪೂರ್ತಿ ಕೊಡ್ಬೇಕು ಅಂದ್ರೆ ಎರಡು ಕಡೆ ಹೊಡೆತ. ಕೊಡ್ಬಾರ್ದು ಅಂತಲ್ಲ, ಅವ್ರಿಲ್ಲದಿದ್ರೆ ನಾನು ಡ್ಯೂಟಿಗೇ ಹೋಗೂಕಾಗೂದಿಲ್ಲ, ಅದು ಗೊತ್ತಿದೆ. ಆದ್ರೆ ಎಲ್ಲ ತಾಯಂದಿರೂ ದುಡ್ಡಿದ್ದೂ ಕೊಡೂದಿಲ್ಲ ಅಂತ ತಿಳ್ಕೊಬೇಡಿ.

ನಮ್ಮಲ್ಲಿ ಹ್ಯಾಗೆ ಬಗೆಹರೀತು ಅಂತ ಹೇಳ್ತೇನೆ. ನಮ್ಮ ಅಕ್ಕ ಪಗಾರವನ್ನ ಎರಡು ಪಾಲು ಮಾಡಿದ್ರು, ನೋಡ್ಕೊಳ್ಳೂದು 2800, ಊಟ ಹಾಲು 700. ಮಗು ಬರದಿದ್ದ ದಿನ ಊಟದ್ದು ಮಾತ್ರ ಕಡಿಮೆ, ದಿನಕ್ಕೆ 27 ರೂಪಾಯಿ. ಉಳಿದದ್ದು ಪೂರ್ತಿ. ಮೊದ್ಲು ಕೇಳ್ದಾಗ ಇದೆಂತ 27 ರೂಪಾಯಿ ಲೆಕ್ಕ ಅನಿಸ್ತು, ಆದ್ರೆ ನನ್ನ ಮಗು ತಿನ್ನದ ಅನ್ನಕ್ಕೆ ನಾನು ದುಡ್ಡು ಕೊಡ್ತಾ ಇಲ್ಲ, ಅವ್ರ ದಿನಕ್ಕೆ ಕೊಡ್ತಾ ಇದ್ದೇನೆ ಅಂತ ಮನಸ್ಸಿಗೆ ಒಪ್ತು. ಮತ್ತೆ ತಿಂಗಳ ಕೊನೆಗೆ ನನ್ನ ಹತ್ರ ಇಲ್ಲದಿದ್ರೆ 10ನೇ ತಾರೀಕಿನ ತನಕ ಕಾಯ್ತಾರೆ. ಅದು ದೊಡ್ಡ ಉಪಕಾರ.

ಅಂಕೋಲಾದವಳು:

ಮಳೆ ಸೂಟಿ ಬಗ್ಗೆ ನಾನು ಹೇಳ್ತೆ. ಶಾಲೆ ಸೂಟಿ ನಮ್ಮ ಸೂಟಿ ಅಲ್ಲ, ಇದನ್ನ ಮೊದ್ಲೇ ಹೇಳ್ಬಿಡ್ಬೇಕು. ನಮ್ಮ ಬಾಗಿಲು ತೆಗೆದಿದ್ರೆ ಪಗಾರ ಚಾಲು, ಕಳಿಸೂದು ಬಿಡೂದು ಅವ್ರಿಗೆ ಬಿಟ್ಟದ್ದು. ನಮ್ಮನೆ ಕೇರಿಗೇ ನೀರು ಬಂದು ನಾನೇ ಬೇಡ ಅಂದ ದಿನ ಇದ್ರೆ ಆ ದಿನದ್ದು ನಾನು ಅರ್ಧ ಬಿಡ್ತೆ, ಯಾಕಂದ್ರೆ ತಪ್ಪು ಅವ್ರದ್ದೂ ಅಲ್ಲ ನಂದೂ ಅಲ್ಲ. ಶಾಲೆಗೆ ಹೋಗೂ ದೊಡ್ಡ ಮಕ್ಕಳನ್ನ ಕಳಿಸಿದ್ರೆ ದಿನಕ್ಕೆ 150 ಬೇರೆ, ಹಿಂದಿನ ರಾತ್ರಿನೇ ಮೆಸೇಜ್ ಹಾಕ್ಬೇಕು, ಎರಡಕ್ಕಿಂತ ಹೆಚ್ಚು ತಗೊಳ್ಳೂದಿಲ್ಲ. ನೀವು ಆರು ಮಕ್ಕಳನ್ನ ಸುಮ್ನೆ ನೋಡ್ಕೊಂಡ್ರಿ ಅಂತ ಓದಿ ನನಗೆ ಬೇಜಾರಾಯ್ತು. ಅದರಲ್ಲೂ 11 ತಿಂಗಳ ಮಗು ಇದೆ. ದುಡ್ಡಿನ ಮಾತು ಬಿಡಿ, ಅಂಬೆಗಾಲಿಡೂ ಮಗು ಇರೂ ಮನೇಲಿ ಓಡಾಡೂ ದೊಡ್ಡ ಮಕ್ಕಳು ಹೆಚ್ಚಾದ್ರೆ ಕಣ್ಣು ತಪ್ತದೆ.

ಇನ್ನೊಂದು, ಹೊತ್ತು ಮೀರಿದ್ದಕ್ಕೆ ದುಡ್ಡು ತಗೊಳ್ಳೂದು. ನಾನು ಅರ್ಧ ಗಂಟೆ ಬಿಡ್ತೆ, ಆಮೇಲೆ ಗಂಟೆಗೆ 50. ಆದ್ರೆ ಇದಕ್ಕೆ ಒಂದು ಮಿತಿ ಬೇಕು. 2024 ಜುಲೈ 16ಕ್ಕೆ ಅಂಕೋಲಾ ಕುಮಟಾ ನಡುವಿನ ಶಿರೂರಲ್ಲಿ ಗುಡ್ಡ ಕುಸೀತಲ್ಲ, ಹೈವೇನೇ ಬಂದ್ ಆಯ್ತು. ನನ್ನ ಹತ್ರ ಬಿಡೂ ಒಂದು ಮಗುವಿನ ತಾಯಿ ಕುಮಟಾದಲ್ಲಿ ಕೆಲಸ, ಬೆಳಿಗ್ಗೆ ಬೇಗ ಹೋದವ್ರು ಆಚೆಗೇ ಉಳಿದ್ರು, ತಂದೆ ಊರಲ್ಲಿರ್ಲಿಲ್ಲ. ಮಗು ಆ ರಾತ್ರಿ ನನ್ನ ಪಕ್ಕದಲ್ಲೇ ಮಲಗ್ತು, ಎರಡು ವರ್ಷದ್ದು, ಆಯಿ ಆಯಿ ಅಂತ ಹನ್ನೊಂದು ಗಂಟೆ ತನಕ ಅತ್ತು ಅತ್ತು ನಿದ್ದೆ ಹೋಯ್ತು. ಮರುದಿನ ಅವ್ರು ಎಲ್ಲೆಲ್ಲೋ ಸುತ್ತಿ ಬಂದು ಬಾಗಿಲಲ್ಲೇ ಕೂತ್ಬಿಟ್ರು. ಅವತ್ತಿನ ದುಡ್ಡು ಎಷ್ಟು ಅಂತ ಕೇಳಿದ್ರು, ನನಗೆ ಬಾಯೇ ಬರ್ಲಿಲ್ಲ, ಬೇಡ ಅಂದೆ. ಅಷ್ಟು ಜನ ಜೀವ ಕಳ್ಕೊಂಡ ದಿನ ಅದು. ಆದ್ರೆ ಅದೇ ತಾಯಿ ಆಮೇಲೆ ಯಾವತ್ತೂ ಸೂಟಿ ಲೆಕ್ಕ ಕೇಳ್ಲಿಲ್ಲ, ಒಂದನೇ ತಾರೀಕಿಗೆ ಪಗಾರ ಹಾಕಿರ್ತಾರೆ. ಕಟ್ಟುನಿಟ್ಟು ಬರೆದಿಡಿ, ಅಂಥ ಹೊತ್ತಲ್ಲಿ ಬಿಟ್ಟುಬಿಡಿ. ಬರೆದಿಟ್ಟಿದ್ರೇ ಬಿಟ್ಟದ್ದು ಯಾವುದು ಅಂತ ಅವ್ರಿಗೂ ತಿಳೀತದೆ.

ಬೈತಖೋಲ ಮನೆ:

ನಮ್ಮ ಕಡೆ ಬೇರೆ ತರ. ನನ್ನ ಹತ್ರ ಬರೂ ಮಕ್ಕಳ ಮನೆಯವ್ರು ಬಂದರಲ್ಲಿ ಮೀನು ವ್ಯಾಪಾರ, ಬೋಟ್ ಕೆಲಸದವ್ರು. ಜೂನ್ 1ರಿಂದ ಜುಲೈ 31, 61 ದಿನ ಮೀನುಗಾರಿಕೆ ಬಂದ್, ಬೋಟ್ ಇಳಿಯೂದಿಲ್ಲ, ಮನೇಲಿ ದುಡಿಮೆ ಇಲ್ಲ, ಮಗುನೂ ಮನೇಲೇ ಇರ್ತದೆ. ಆ ಎರಡು ತಿಂಗಳು ಪಗಾರ ಕೇಳಿದ್ರೆ ಎಲ್ಲಿಂದ ತರ್ತಾರೆ? ಕೇಳದಿದ್ರೆ ನಾನು ಎಂತ ತಿನ್ನೂದು? ಎರಡು ವರ್ಷ ಸುಮ್ನೆ ಬಿಟ್ಟೆ, ಆಮೇಲೆ ಹೀಗೆ ಮಾಡಿದೆ. ಬಂದ್ ಇರೂ ಎರಡು ತಿಂಗಳಿಗೆ ಅರ್ಧರ್ಧ ಪಗಾರ ಅಂದ್ರೆ ಒಟ್ಟು ಒಂದು ತಿಂಗಳದ್ದು. ಅದನ್ನ ಆಗಸ್ಟಿಂದ ಮೇ ತನಕ ಹತ್ತು ತಿಂಗಳಿಗೆ ಹಂಚಿ ತಿಂಗಳ ಪಗಾರದ ಜೊತೆ ಸ್ವಲ್ಪ ಸ್ವಲ್ಪ ತಗೊಳ್ತೇನೆ. 3000 ಇದ್ದದ್ದು 3300 ಆಯ್ತು ಅಷ್ಟೇ. ಜೂನ್ ಜುಲೈಲಿ ಯಾರನ್ನೂ ಏನೂ ಕೇಳೂದಿಲ್ಲ, ಮಗುವಿನ ಜಾಗ ಹಾಗೇ ಇರ್ತದೆ. ಮೀನು ಬಂದಾಗ ಅವ್ರ ಕೈಲಿ ದುಡ್ಡಿರ್ತದೆ, ಆಗ 300 ಭಾರ ಅನಿಸೂದಿಲ್ಲ. ನಿಮ್ಮ ಅಕ್ಕೋರಿಗೂ ಇದನ್ನೇ ಹೇಳಿ ನೋಡಿ, ಬೇಸಿಗೆದು ಮೊದ್ಲೇ ಹಂಚಿ ಕೊಟ್ರೆ ಅವ್ರಿಗೂ ಒಮ್ಮೆಲೇ ಕೊಡೂ ತಲೆಬಿಸಿ ಇಲ್ಲ.

ಕುಮಟಾದವಳು, ಈಗ ಇಂಗ್ಲೆಂಡಲ್ಲಿ:

ಬಹಳ ದಿನದ ಮೇಲೆ ನಮ್ಮ ಕಡೆ ಮಾತು ಓದಿ ಖುಷಿ ಆಯ್ತು. ಇಲ್ಲಿ ಚೈಲ್ಡ್‌ಮೈಂಡರ್ ಅಂತಲೇ ಕರೀತಾರೆ, ತಮ್ಮ ಮನೇಲಿ ನೋಡ್ಕೊಳ್ಳೋರು, ನಿಮ್ಮ ಹಾಗೇ ಸ್ವಂತ ಉದ್ಯೋಗ. ವ್ಯತ್ಯಾಸ ಅಂದ್ರೆ ಎಂಟು ವರ್ಷದೊಳಗಿನ ಮಕ್ಕಳನ್ನ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ದುಡ್ಡಿಗೆ ನೋಡ್ಕೊಳ್ಳೋದಾದ್ರೆ ರಿಜಿಸ್ಟರ್ ಆಗ್ಲೇಬೇಕು. ರಜೆ ದುಡ್ಡಿನ ತಲೆಬಿಸಿ ಇಲ್ಲೂ ಇದ್ದದ್ದೇ. ನೌಕರಿಯವ್ರಿಗೆ ಇಲ್ಲಿ ವರ್ಷಕ್ಕೆ 5.6 ವಾರ ಸಂಬಳದ ರಜೆ ಕಾನೂನಲ್ಲೇ ಇದೆ, ಆದ್ರೆ ಸ್ವಂತ ಉದ್ಯೋಗ ಮಾಡೋ ಚೈಲ್ಡ್‌ಮೈಂಡರ್‌ಗೆ ಅದು ಯಾರೂ ಕೊಡೋದಿಲ್ಲ, ತಮ್ಮ ರೇಟಿನೊಳಗೇ ಹಿಡ್ಕೊಬೇಕು. ಹಾಗಾಗಿ ಒಬ್ಬೊಬ್ರದ್ದು ಒಂದೊಂದು ಕ್ರಮ. ಸರ್ಕಾರಿ ರಜೆ ಇಲ್ಲಿ ವರ್ಷಕ್ಕೆ ಎಂಟು, ಕೆಲವ್ರು ಅದಕ್ಕೆ ದುಡ್ಡು ತಗೊಳ್ತಾರೆ ಕೆಲವ್ರು ಇಲ್ಲ. ಮಗುವಿನ ಮನೆಯವ್ರು ರಜೆ ಹಾಕಿದ್ರೆ ಕೆಲವ್ರು ಪೂರ್ತಿ, ಕೆಲವ್ರು ಅರ್ಧ.

ನಮ್ಮ ಮಗಳನ್ನ ನೋಡ್ಕೊಳ್ಳೋರು ವರ್ಷಕ್ಕೆ ನಾಲ್ಕು ವಾರ ರಜೆ ತಗೊಳ್ತಾರೆ, ಅದಕ್ಕೆ ದುಡ್ಡಿಲ್ಲ, ಆ ನಾಲ್ಕು ವಾರದ ದಿನಾಂಕ ಜನವರಿಲೇ ಕಳಿಸ್ತಾರೆ, ನಾವು ನಮ್ಮ ರಜೆನ ಅದಕ್ಕೆ ಹೊಂದಿಸ್ಕೊಳ್ತೇವೆ. ನಾವು ಕುಮಟಾಕ್ಕೆ ಬಂದ್ರೆ ತಿಂಗಳು ಪೂರ್ತಿ ದುಡ್ಡು ಕೊಟ್ಟೇ ಬರ್ಬೇಕು. ಮೊದಲ ಸಲ ನನಗೆ ಕಷ್ಟ ಆಯ್ತು, ಟಿಕೆಟ್ ಖರ್ಚಿನ ಮೇಲೆ ಇದು ಬೇರೆ. ಆದ್ರೆ ವಾಪಸ್ ಬಂದ ಮರುದಿನವೇ ಮಗಳ ಚಪ್ಪಲಿ ಇಡೋ ಜಾಗ, ಅವ್ಳ ಹಾಸಿಗೆ ಎಲ್ಲ ಹಾಗೇ ಇತ್ತು, ಅವ್ಳು ಹೋಗಿ ಅವ್ರ ಮಡಿಲಲ್ಲಿ ಕೂತ್ಳು. ಹೊಸಬ್ರನ್ನ ಹುಡುಕಿ ಮಗು ಹೊಂದ್ಕೊಳ್ಳೋಕೆ ಎರಡು ತಿಂಗಳು ಹೋಗ್ತಿತ್ತು. ದಿನಾಂಕ ಮೊದ್ಲೇ ಕಳಿಸೋದು ಮಾತ್ರ ಖಂಡಿತ ಮಾಡಿ ಅಕ್ಕ. ಚೌತಿ, ದೀಪಾವಳಿ, ತುಳಸಿ ಮದುವೆ ಎಲ್ಲ ಪಂಚಾಂಗದಲ್ಲಿ ವರ್ಷದ ಮೊದ್ಲೇ ಗೊತ್ತಿರ್ತದಲ್ಲ.

ಕಾಜುಬಾಗ ಅಕ್ಕ, ಕಾರವಾರ:

ಎಲ್ಲರದ್ದೂ ಎರಡೆರಡು ಸಲ ಓದಿದೆ, ಯಜಮಾನ್ರಿಗೂ ಓದಿ ಹೇಳಿದೆ. 12,000 ಅಂದ ಕೂಡ್ಲೆ ಅವ್ರೂ ಸುಮ್ನಾದ್ರು. ಆಯಿ ಹೇಳಿದ ಹಾಗೆ ಹಾಳೇಲಿ ಬರೆದೆ. ಕಾರವಾರದ ತಾಯಿ ಹೇಳಿದ ಊಟದ ಪಾಲು ನನಗೆ ಬಹಳ ಸರಿ ಅನಿಸ್ತು, ಅದನ್ನ ಹಾಗೇ ತಗೊಂಡೆ. ನಾಲ್ಕು ಮನೆಗೂ ಕಳಿಸಿದ ಮೆಸೇಜ್ ಇದು, ಬೇರೆಯವ್ರಿಗೆ ಉಪಯೋಗ ಆದ್ರೆ ತಗೊಳ್ಳಿ:

"ನಮಸ್ಕಾರ. ನವೆಂಬರ್ 1ರಿಂದ ಸೂಟಿ ಲೆಕ್ಕ ಹೀಗೆ ಇರ್ತದೆ. ವರ್ಷಕ್ಕೆ ಹತ್ತು ದಿನ ಹಬ್ಬದ ಸೂಟಿ, ಪಗಾರ ಪೂರ್ತಿ. ದಿನಗಳ ಪಟ್ಟಿ ಜನವರಿಯಲ್ಲಿ ಕೊಡ್ತೇನೆ. ನಾನು ಅದಕ್ಕಿಂತ ಹೆಚ್ಚು ಬಂದ್ ಮಾಡಿದ ದಿನದ ಪಗಾರ ಬೇಡ. ನೀವು ಮಗುನ ಕಳಿಸದಿದ್ರೆ ದಿನಕ್ಕೆ 27 ರೂಪಾಯಿ ಊಟದ್ದು ಮಾತ್ರ ಕಡಿಮೆ. ಒಂದು ತಿಂಗಳಿಗಿಂತ ಹೆಚ್ಚು ಬಿಡೂದಿದ್ರೆ ಅರ್ಧ ಪಗಾರಕ್ಕೆ ಜಾಗ ಇಟ್ಟಿರ್ತೇನೆ, ಬೇಡ ಅಂದ್ರೆ ಬೇರೆಯವ್ರಿಗೆ ಕೊಡ್ತೇನೆ. ಮಳೆ ಸೂಟಿಗೆ ನಾನು ಬಾಗಿಲು ತೆಗೆದೇ ಇರ್ತೇನೆ. ದೊಡ್ಡ ಮಕ್ಕಳಿಗೆ ದಿನಕ್ಕೆ 150, ರಾತ್ರಿಯೇ ತಿಳಿಸಿ. ಮಾತಾಡೂದಿದ್ರೆ ಸಂಜೆ ಬಂದಾಗ ಮಾತಾಡುವ."

ಕಳಿಸುವಾಗ ಕೈ ನಡುಗ್ತಿತ್ತು. ಇಬ್ರು ಅದೇ ರಾತ್ರಿ ಸರಿ ಅಂತ ಹಾಕಿದ್ರು. ಮಳೆ ಸೂಟಿ ಕಟ್ ಮಾಡಿದವ್ರು ಮರುದಿನ ಬಂದು ಇದ್ರ ಬಗ್ಗೆ ಯೋಚನೆ ಮಾಡ್ಬೇಕು ಅಂದ್ರು, ಇನ್ನೂ ಏನೂ ಹೇಳ್ಲಿಲ್ಲ. ಅಕ್ಕೋರು ಫೋನ್ ಮಾಡಿ ಬಹಳ ಹೊತ್ತು ಮಾತಾಡಿದ್ರು, ನೀವು ನನ್ನ ಮಗುಗೆ ಅಂತ ಬೇರೆಯವ್ರನ್ನ ಬಿಟ್ಟದ್ದು ನನಗೆ ಗೊತ್ತೇ ಇರ್ಲಿಲ್ಲ ಅಂದ್ರು. ಹಳೇದು ಕೇಳ್ಲಿಲ್ಲ ನಾನು. ಬೇಸಿಗೆದು ಹತ್ತು ತಿಂಗಳಿಗೆ ಹಂಚಿ ಕೊಡ್ತೇನೆ ಅಂತ ಅವ್ರೇ ಒಪ್ಪಿದ್ರು, ಬೈತಖೋಲ ಅಕ್ಕಂಗೆ ಥ್ಯಾಂಕ್ಸ್.

ಒಂದು ಮಾತ್ರ ಬರೆಯೂಕೆ ಬಿಟ್ಟೋಯ್ತು. ಮಗುಗೆ ಜ್ವರನೋ, ಕೈ ಕಾಲು ಬಾಯಿ ರೋಗನೋ ಬಂದ್ರೆ ನಾನೇ ಕಳಿಸ್ಬೇಡಿ ಅನ್ತೇನಲ್ಲ, ಅದಕ್ಕೆ ಎಂತ ಮಾಡೂದು?

ಶಿರಸಿ ಆಯಿ:

ಅದು ನಿನ್ನ ಸೂಟಿ ಅಲ್ಲ, ಉಳಿದ ಮೂರು ಮಕ್ಕಳಿಗೆ ಅಂಟಬಾರದು ಅಂತ ಮಾಡಿದ್ದು. ಪಗಾರ ಚಾಲು, ಊಟದ್ದು ಕಡಿಮೆ ಮಾಡು ಸಾಕು. ನಿನಗೇ ಜ್ವರ ಬಂದು ನೀನು ಬಂದ್ ಮಾಡಿದ್ರೆ ಆಗ ಕಡಿಮೆ ಮಾಡು. ಇದನ್ನೂ ಇವತ್ತೇ ಆ ಮೆಸೇಜಿನ ಕೆಳಗೆ ಹಾಕ್ಬಿಡು, ಮಗುಗೆ ಜ್ವರ ಬಂದ ಮೇಲೆ ಹಾಕೋದು ಬೇಡ.